ರಂಜಕದ ಸಾಹೇಬರು

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಸದಾ ಒಂದು ನೀಲಿ ಅಂಚು ಇರುತ್ತಿತ್ತು. ಮೊದಲ ಸಲ ನೋಡಿದಾಗ ಪೆನ್ನು ಸೋರಿದ ಶಾಯಿ ಇನ್ನೂ ಹೋಗಿಲ್ಲವೇನೋ ಅಂದುಕೊಂಡಿದ್ದೆ. ಅದು ನೀರು ಪರೀಕ್ಷೆಯ ಮದ್ದಿನ ಬಣ್ಣ. ಗಾಜಿನ ಕೊಳವೆಗೆ ನೀರು ಹಿಡಿದು, ಮದ್ದು ಹಾಕಿ, ಬಾಯಿಗೆ ಹೆಬ್ಬೆರಳು ಒತ್ತಿ ಅಲ್ಲಾಡಿಸುತ್ತಿದ್ದರು. ಕೊಳವೆಗೆ ಮುಚ್ಚಳ ಇಲ್ಲವೆಂದಲ್ಲ. "ಮುಚ್ಚಳ ಹುಡುಕೋ ಹೊತ್ತಿಗೆ ನನ್ನ ಸರ್ವೀಸೇ ಮುಗಿದುಹೋಗುತ್ತೆ ಕಣಮ್ಮ" ಎನ್ನುತ್ತಿದ್ದರು. ನೀರಿನಲ್ಲಿ ರಂಜಕ, ಅಂದರೆ ಫಾಸ್ಫರಸ್, ಇದ್ದರೆ ಕೊಳವೆ ನೀಲಿಯಾಗುತ್ತದೆ. ಹೆಚ್ಚಿದ್ದಷ್ಟೂ ಬಣ್ಣ ಗಾಢ.

ಅವರು ಮಾಲಿನ್ಯ ನಿಯಂತ್ರಣದ ಅಧಿಕಾರಿ. ಮನೆ ಶಿರಾದಲ್ಲಿ. ಮಧುಗಿರಿ, ಕೊರಟಗೆರೆ, ಪಾವಗಡ ಎಲ್ಲವನ್ನೂ ಅವರೇ ನೋಡಿಕೊಳ್ಳಬೇಕಿತ್ತು. ನಾನು ಈ ಕಡೆಯ ಒಂದು ಸಣ್ಣ ಊರಿನ ಪುರಸಭೆಯಲ್ಲಿ ಪರಿಸರ ಎಂಜಿನಿಯರ್. ಊರಿನ ಒಳಚರಂಡಿ ನೀರನ್ನು ಶುದ್ಧ ಮಾಡಿ ಕೆರೆಗೆ ಬಿಡುವ ಘಟಕ ನನ್ನ ಉಸ್ತುವಾರಿಯಲ್ಲಿದೆ. ಯಾವ ಊರೆಂದು ಬರೆಯುವುದಿಲ್ಲ. ಬರೆದರೆ ನಾಳೆ ಬೆಳಿಗ್ಗೆಯೇ ಫೋನು ಬರುತ್ತದೆ, ಅದಕ್ಕೆ ಉತ್ತರ ಕೊಡುವ ತ್ರಾಣ ನನಗಿಲ್ಲ.

ಸಾಹೇಬರು ಮಂಡಿನೋವಿನ ಮನುಷ್ಯ. ಜೀಪಿನಿಂದ ಇಳಿಯುವಾಗ "ಯಾ ಅಲ್ಲಾ" ಎನ್ನುತ್ತಿದ್ದರು, ಹತ್ತುವಾಗ "ಸಾಕಾಯ್ತಪ್ಪ" ಎನ್ನುತ್ತಿದ್ದರು. ಎಡ ಜೇಬಿನಲ್ಲಿ ಹುರಿದ ಕಡಲೆಕಾಯಿ. ಕೊಳವೆಯ ಬಣ್ಣ ತಿರುಗುವವರೆಗೆ ಒಂದೊಂದೇ ಸುಲಿದು ತಿಂದು, ಸಿಪ್ಪೆಯನ್ನು ಬಲ ಜೇಬಿಗೆ ಹಾಕಿಕೊಳ್ಳುವರು. ಯಾರ ಮೇಲೂ ಗದರಿದ್ದನ್ನು ನಾನು ಕಂಡಿಲ್ಲ. ಗದರುವುದಕ್ಕೂ ಶಕ್ತಿ ಬೇಕಲ್ಲ, ಅದನ್ನು ಅವರು ಮೀಟಿಂಗುಗಳಿಗೆ ಉಳಿಸಿಕೊಂಡಿದ್ದರು.

ಮೊದಲ ಸಲ ಬಂದಾಗ ನಾವು ಹೊರಬಿಡುವ ನೀರು ಬಾವಿ ನೀರಿನಷ್ಟು ತಿಳಿಯಾಗಿತ್ತು. ವಾಸನೆಯೂ ಇರಲಿಲ್ಲ. ನನಗೆ ಒಳಗೊಳಗೇ ಜಂಬ. ಅವರು ಕೊಳವೆ ಅಲ್ಲಾಡಿಸಿ ನನ್ನ ಕೈಗೆ ಕೊಟ್ಟರು. ಕಡುನೀಲಿ.

"ಊರಲ್ಲಿ ಬಟ್ಟೆ ಒಗೆದ ಪುಡಿ, ಪಾತ್ರೆ ತೊಳೆದ ಪುಡಿ, ಊರವರ ಮೈಯಿಂದ ಹೋಗೋದು, ಎಲ್ಲಾದರಲ್ಲೂ ರಂಜಕ ಇದೆ. ನಿಮ್ಮ ಘಟಕ ಕೊಳೆ ತೆಗೆಯುತ್ತೆ, ಇದನ್ನ ತೆಗೆಯಲ್ಲ. ಇದು ಪಾಚಿಗೆ ಹಬ್ಬದೂಟ. ಪಾಚಿ ಬೆಳೆದು ಕೊಳೆತರೆ ಮೀನಿಗೆ ಉಸಿರಿಲ್ಲ" ಎಂದರು.

ಪುರಸಭೆಯ ಮುಖ್ಯಾಧಿಕಾರಿ ಪಕ್ಕದಲ್ಲೇ ಇದ್ದರು. "ನೀರು ಬಿಡೋಕೆ ನಮಗೆ ಕೊಟ್ಟಿರೋ ಅನುಮತೀಲಿ ರಂಜಕದ ಮಾತೇ ಇಲ್ವಲ್ಲ ಸಾರ್?"

"ಇಲ್ಲ. ಅದನ್ನ ಸೇರಿಸೋಕೇ ಬಂದಿರೋದು."

"ಇಷ್ಟು ಸಣ್ಣ ಊರಿಗೆ ಇದೆಲ್ಲ ಯಾಕೆ ಸಾರ್?"

"ದೊಡ್ಡ ಊರಿಗೆ ಹೊಳೆ ಇರುತ್ತೆ, ಕೊಚ್ಚಿಕೊಂಡು ಹೋಗುತ್ತೆ. ನಿಮಗಿರೋದು ಒಂದು ಕೆರೆ. ಬಿಟ್ಟಿದ್ದು ಎಲ್ಲಿಗೆ ಹೋಗಬೇಕು ಹೇಳಿ?"

ಆಮೇಲೆ ಶುರುವಾದವು ಮೀಟಿಂಗುಗಳು, ವರ್ಷಗಟ್ಟಲೆ. ಕಾಯ್ದೆಯಲ್ಲಿ ಕಡ್ಡಾಯವಿಲ್ಲ ಎಂದರು ಒಬ್ಬರು, ಪಕ್ಕದ ಊರಿಗಿಲ್ಲದ್ದು ನಮಗೇಕೆ ಎಂದರು ಇನ್ನೊಬ್ಬರು. ಸಾಹೇಬರು ಅದೇ ಮಾತನ್ನು ಅದೇ ದಣಿದ ದನಿಯಲ್ಲಿ ಮತ್ತೆ ಮತ್ತೆ ಹೇಳಿದರು. ಕೊನೆಗೆ ಎದುರಿನವರೂ ದಣಿದರು. ರಂಜಕ ಇಷ್ಟಕ್ಕಿಂತ ಹೆಚ್ಚಿರಬಾರದೆಂಬ ಷರತ್ತು ನಮ್ಮ ಅನುಮತಿಯೊಳಗೆ ಬಂತು. ಊರಲ್ಲಿ ಅವರಿಗೆ 'ರಂಜಕದ ಸಾಹೇಬರು' ಎಂಬ ಹೆಸರೂ ಬಿತ್ತು.

ಕಬ್ಬಿಣದ ಲವಣ ಬೆರೆಸಿದರೆ ರಂಜಕ ಅದಕ್ಕೆ ಅಂಟಿಕೊಂಡು ತಳಕ್ಕೆ ಇಳಿಯುತ್ತದೆ. ಹಾಗೆ ಮಾಡಿದೆವು. ಕೊಳವೆಯ ನೀಲಿ ತಿಂಗಳು ತಿಂಗಳಿಗೆ ತೆಳುವಾಗುತ್ತ ಬಂತು. ಒಂದು ದಿನ ಬಣ್ಣವೇ ತಿರುಗಲಿಲ್ಲ ಎನ್ನಬಹುದು. ಸಾಹೇಬರು ಜೇಬಿನ ಕಡಲೆಕಾಯಿಯನ್ನೆಲ್ಲ ನನ್ನ ಅಂಗೈಗೆ ಸುರಿದರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ.

ತಳಕ್ಕಿಳಿದದ್ದು ಕೆಸರಾಗಿ, ಒಣಗಿ, ಕಪ್ಪು ಹೆಂಟೆಯಾಗಿ ಘಟಕದಲ್ಲಿ ರಾಶಿ ಬಿತ್ತು. ಅದು ಬೇಸಿಗೆ. ನಮ್ಮ ಕಡೆ ಕೆರೆ ಬತ್ತಿದರೆ ಜನ ಸುಮ್ಮನಿರುವುದಿಲ್ಲ, ಅಂಗಳದ ತೇವದಲ್ಲೇ ಸೌತೆ, ಮೇವಿನ ಜೋಳ ಹಾಕುತ್ತಾರೆ. ಘಟಕದ ಬೇಲಿ ದಾಟಿದರೆ ಕೆರೆಯಂಗಳ. ಬಿತ್ತುತ್ತಿದ್ದವರು ಬೇಲಿಯಾಚೆಯಿಂದ ಕೇಳಿದರು, "ಸಾಹೇಬ್ರೇ, ಆ ಗೊಬ್ಬರ ಹಂಗೇ ಬಿದ್ದೈತಲ್ಲ, ತಗಂಡೋಗನಾ?"

"ತಗೊಂಡೋಗ್ರಪ್ಪ, ಒಳ್ಳೇ ಗೊಬ್ಬರ" ಎಂದರು ಸಾಹೇಬರು.

ಟ್ರ್ಯಾಕ್ಟರುಗಳು ಸಾಲುಗಟ್ಟಿದವು. ಸೌತೆ ಭರ್ಜರಿ ಬಂತು, ನಮ್ಮ ಮನೆಗೂ ಒಂದು ಚೀಲ ಬಂತು. ಆಮೇಲೆ ಒಳ್ಳೆಯ ಮಳೆಯಾಗಿ ಕೆರೆ ತುಂಬಿತು. ಮೀನುಗಾರರ ಸಂಘದ ಅಧ್ಯಕ್ಷರು, ಕೆರೆಯನ್ನೇ ನಂಬಿ ತಲೆ ನರೆಸಿಕೊಂಡವರು, ಈ ಸಲ ನೀರು ಚೆನ್ನಾಗಿದೆ ಎಂದು ಧೈರ್ಯವಾಗಿ ಮೀನುಮರಿ ಬಿಡಿಸಿದರು.

ಚಳಿಗಾಲಕ್ಕೆ ಮುಂಚೆಯೇ ಕೆರೆ ಹಸಿರುಗಟ್ಟಿತು. ಒಂದು ಬೆಳಿಗ್ಗೆ ದಡದುದ್ದಕ್ಕೂ ಅಂಗೈಯಗಲದ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ಸಾಹೇಬರು ಓಡಿ ಬಂದರು. ನಾವು ಹೊರಬಿಡುವ ನೀರು ಪರೀಕ್ಷಿಸಿದರು, ಸರಿಯಾಗಿತ್ತು. ಇನ್ನೊಮ್ಮೆ ಪರೀಕ್ಷಿಸಿದರು, ಸರಿಯಾಗಿಯೇ ಇತ್ತು. ಆಮೇಲೆ ಖಾಲಿ ಜಾಗವನ್ನು ನೋಡಿ ಕೇಳಿದರು, "ಇಲ್ಲಿದ್ದ ರಾಶಿಯನ್ನ ಎಲ್ಲಿಗೆ ಹೊಡೆದರು?"

ನಾನು ಕೆರೆಯ ಕಡೆ ಕೈ ತೋರಿಸಿದೆ. ಸೌತೆ ಹಾಕಿದ್ದ ಜಾಗ ಈಗ ಆಳುದ್ದ ನೀರಿನಡಿ ಇತ್ತು.

ಏರಿಯ ಕಲ್ಲಿನ ಮೇಲೆ ಕೂತುಬಿಟ್ಟರು. "ಹೊಲಕ್ಕೆ ಅಂದುಕೊಂಡೆ ಕಣಮ್ಮ. ಅಂಗಳಕ್ಕೆ ಅಂತ ಹೊಳೆಯಲೇ ಇಲ್ಲ. ನೀರಿನ ತಳದಲ್ಲಿ ಗಾಳಿ ಇಲ್ಲದಿದ್ದರೆ ಕಬ್ಬಿಣ ತಾನು ಹಿಡಿದ ರಂಜಕಾನ ಬಿಟ್ಟುಬಿಡುತ್ತೆ. ಪೈಪಲ್ಲಿ ತಡೆದದ್ದನ್ನೆಲ್ಲ ಟ್ರ್ಯಾಕ್ಟರಲ್ಲಿ ತುಂಬಿ ಕೆರೆಗೇ ಕಳಿಸಿದೆ."

ಮುಖ್ಯಾಧಿಕಾರಿ ದನಿ ತಗ್ಗಿಸಿದರು. "ಯಾರಿಗೂ ಹೇಳ್ಬೇಡಿ ಸಾರ್. ಮಳೆ ನೀರಿನ ಜೊತೆ ಏನೋ ಬಂತು ಅಂದ್ರಾಯ್ತು. ನೀವು ಒಪ್ಪಿಕೊಂಡ್ರೆ ಮೊದಲು ನಿಮ್ಮ ಷರತ್ತನ್ನೇ ಕಿತ್ತುಹಾಕ್ತಾರೆ."

ಆ ಮಾತು ಸುಳ್ಳಾಗಿರಲಿಲ್ಲ. ಷರತ್ತು ಬೇಡವೆನ್ನುವವರು ಇಂಥದೊಂದು ನೆಪಕ್ಕೇ ಕಾದಿದ್ದರು. ಅಷ್ಟು ವರ್ಷ ಮಂಡಿ ಸವೆಸಿ ತಂದದ್ದು ಒಂದೇ ಮಾತಿಗೆ ಹೋಗುತ್ತಿತ್ತು. ಇವರು ಸುಮ್ಮನಿದ್ದರೆ ಸಾಕಪ್ಪ ಎಂದು ನನಗೂ ಅನಿಸಿತು. ಸಾಹೇಬರು ಎದ್ದು, ಕಾಲೆಳೆದುಕೊಂಡು, ಸಂಘದ ಶೆಡ್ಡಿನ ಕಡೆ ನಡೆದರು. ನಾನು ಹಿಂದೆ ಹೋದೆ.

ಅಧ್ಯಕ್ಷರು ಸತ್ತ ಮೀನುಗಳನ್ನು ಗುಂಡಿಗೆ ಹಾಕಿಸುತ್ತಿದ್ದರು. ಸಾಹೇಬರು ನಿಂತಲ್ಲೇ ಎಲ್ಲವನ್ನೂ ಹೇಳಿದರು. "ತಪ್ಪು ನನ್ನದು ಯಜಮಾನ್ರೇ. ಘಟಕದ್ದಲ್ಲ, ಬಿತ್ತಿದವರದ್ದೂ ಅಲ್ಲ."

ಅಧ್ಯಕ್ಷರು ತಲೆಯ ಟವೆಲ್ ತೆಗೆದು ಮುಖ ಒರೆಸಿಕೊಂಡರು. "ಅಲ್ಲ ಸಾಹೇಬ್ರೇ, ತಗಂಡೋಗಿ ಅಂದೋರೂ ನೀವೇ, ತೆಪ್ಪಾಯ್ತು ಅಂತ ಬಂದೋರೂ ನೀವೇ. ನಾನ್ ಇನ್ಯಾರ್ ಮಕ ನೋಡ್ಕಂಡು ಬೈಯ್ಲಿ?"

"ನನ್ನನ್ನೇ ಬೈಯಿರಿ."

"ಬೈದ್ರೆ ಮೀನ್ ಎದ್ ಬತ್ತಾವಾ?" ಎಂದು ಅವರು ಮತ್ತೆ ಗುಂಡಿಯ ಕಡೆ ತಿರುಗಿದರು.

ಮುಖ್ಯಾಧಿಕಾರಿ ಹೇಳಿದಂತೆಯೇ ಎಲ್ಲ ಶುರುವಾಯಿತು. ಮೇಲಿನವರು ಸಾಹೇಬರಿಂದ ವಿವರಣೆ ಕೇಳಿದರು. ಅದರ ಗಡಿಬಿಡಿಯಲ್ಲೇ ಅವರು ನಿವೃತ್ತರಾದರು, ಬೀಳ್ಕೊಡುಗೆಗೆ ಬಂದವರು ಕಡಿಮೆ. ಷರತ್ತು ತೆಗೆಯುವ ಮೀಟಿಂಗಿಗೆ ಸಂಘದವರನ್ನೂ ಕರೆದಿದ್ದರು, ಅವರೇ ಬೇಡವೆಂದರೆ ಕೆಲಸ ಸಲೀಸು ಎಂಬ ಲೆಕ್ಕ. ಅಧ್ಯಕ್ಷರು ಎದ್ದು ನಿಂತರು.

"ಸ್ವಾಮಿ, ನಮ್ ಕೆರೆ ಎಷ್ಟು ಸಲ ಕೆಟ್ಟೈತೋ ಲೆಕ್ಕ ಇಲ್ಲ. ನಂದೇ ತೆಪ್ಪು ಅಂತ ಬಂದೋನು ಅವನೊಬ್ನೇ. ಅವನು ಹಾಕಿರೋ ರೂಲ್ಸು ಇರ್ಲಿ. ಗೊಬ್ಬರ ಅಂಗಳಕ್ಕೆ ಹಾಕಬ್ಯಾಡಿ ಅಂತ ಇನ್ನೊಂದು ಸೇರ್ಸಿ."

ಷರತ್ತು ಉಳಿಯಿತು. ಅಧ್ಯಕ್ಷರು ಹೇಳಿದ್ದೂ ಸೇರಿತು.

ಮುಂದಿನ ಬೇಸಿಗೆಯಲ್ಲಿ ಆ ಗೊಬ್ಬರ ಬೆರೆತ ಕೆರೆಯ ಗೋಡುಮಣ್ಣು ಎತ್ತಿ ದೂರದ ಹೊಲಗಳಿಗೆ ಹೊಡೆಸಲು ಶುರು ಮಾಡಿದೆವು. ಆ ನಡುವೆ ಒಂದು ದಿನ ನಾನೂ ಅಧ್ಯಕ್ಷರೂ ಶಿರಾಕ್ಕೆ ಹೋದೆವು. ಸಾಹೇಬರು ಹಾಸಿಗೆ ಹಿಡಿದಿದ್ದರು. ಗುರುತೇ ಸಿಗದಷ್ಟು ಇಳಿದುಹೋಗಿದ್ದರು. ಷರತ್ತು ಉಳಿಯಿತು ಎಂಬ ಸುದ್ದಿಗೆ ಸುಮ್ಮನೆ ತಲೆಯಾಡಿಸಿದರು.

"ಮಣ್ಣು?" ಎಂದರು.

"ಅರ್ಧ ಎತ್ತಿದೀವಿ ಕಣ್ ಸಾಹೇಬ್ರೇ" ಎಂದರು ಅಧ್ಯಕ್ಷರು.

"ಇನ್ನರ್ಧ?"

ಅಷ್ಟರಲ್ಲಿ ಮಳೆ ಶುರುವಾಗಿ ಕೆಲಸ ನಿಂತಿತ್ತು. "ಎಲ್ಲಾ ಆಗುತ್ತೆ ಸಾರ್, ನೀವು ಆರಾಮಾಗಿರಿ" ಎಂದೆ ನಾನು. ಕಾಯಿಲೆಯವರಿಗೆ ಹೇಳುವ ಮಾತು.

ಅವರು ನನ್ನನ್ನೇ ನೋಡಿದರು. "ಆಗಿಲ್ಲದಿದ್ರೆ ಆಗಿಲ್ಲ ಅನ್ನು ಕಣಮ್ಮ. ಅಷ್ಟು ಹೇಳೋಕೆ ಏನು ಕಷ್ಟ?"

"ಆಗಿಲ್ಲ ಸಾರ್" ಎಂದೆ.

"ಹಾಂ" ಎಂದು ಕಣ್ಣು ಮುಚ್ಚಿಕೊಂಡರು. ಆ ಮಳೆಗಾಲ ಮುಗಿಯುವುದರೊಳಗೆ ಅವರು ತೀರಿಕೊಂಡರು.

ಉಳಿದ ಮಣ್ಣನ್ನೂ ಈ ಬೇಸಿಗೆ ನಿಂತು ಎತ್ತಿಸಿದ್ದೇನೆ. ಕೆರೆ ಪೂರ್ತಿ ಸರಿಹೋಗಿಲ್ಲ, ಒಂದು ಮೂಲೆಯಲ್ಲಿ ಪಾಚಿ ಈಗಲೂ ಕಾಣುತ್ತದೆ. ಮೊನ್ನೆ ಮೇಲಿನವರು ಬಂದಿದ್ದರು. ಬಿಸಿಲು ಜೋರಿತ್ತು, ಎಲ್ಲರಿಗೂ ಊಟಕ್ಕೆ ಹೋಗುವ ಅವಸರ. "ಎಲ್ಲ ಸರಿಹೋಯ್ತು ಅಂತ ಬರೆದುಕೊಳ್ಳೋಣವಾ ಮೇಡಂ?" ಎಂದು ಕೇಳಿದರು. ನನಗೂ ಸಾಕಾಗಿತ್ತು, ಹೂಂ ಅಂದಿದ್ದರೆ ಮುಗಿಯುತ್ತಿತ್ತು.

"ಇನ್ನೂ ಆಗಿಲ್ಲ ಸಾರ್" ಎಂದೆ.