ಕತ್ತರಿಯಮ್ಮ ಹೊಲಿದ ಆಸ್ಪತ್ರೆ ದಾರಿ

ಬಸ್ ನಿಲ್ದಾಣದ ಬೆನ್ನಿಗೇ ಅಂಟಿಕೊಂಡ ಹೊಲಿಗೆ ಅಂಗಡಿ ಕತ್ತರಿಯಮ್ಮನದು. ಕೈಯಲ್ಲಿ ಕತ್ತರಿ ಇಲ್ಲದಾಗ ಅದು ಬಾಯಲ್ಲಿರುತ್ತದೆ ಎಂದು ಬೀದಿಯವರು ಇಟ್ಟ ಹೆಸರು. ಅದಕ್ಕೆ ಅವಳೇನೂ ಬೇಸರ ಮಾಡಿಕೊಂಡವಳಲ್ಲ. ನಿಲ್ದಾಣದ ಫಲಕದಲ್ಲಿ ಬಸ್ಸುಗಳ ನಂಬರು, ಹೊತ್ತು, ಹೋಗುವ ಜಾಗ ಎಲ್ಲವನ್ನೂ ಇರುವೆ ಸಾಲಿನಂತೆ ಬರೆದಿದ್ದರು. ಓದು ಬಂದವರೂ ಅದರ ಮುಂದೆ ಕಣ್ಣು ಕಿರಿದು ಮಾಡಿ ನಿಂತು, ಕಡೆಗೆ ಅಂಗಡಿಯ ಕಿಟಕಿಗೇ ಬಂದು "ಆಸ್ಪತ್ರೆಗೆ ಯಾವುದ್ರೀ ಬಸ್ಸು?" ಎನ್ನುತ್ತಿದ್ದರು. ಮಿಷಿನ್ ತುಳಿಯುತ್ತಲೇ ಅವಳು ಹೇಳಿ ಕಳಿಸುತ್ತಿದ್ದಳು.

ಊರವರಿಗೆ ದಾರಿ ಹೇಳುವುದು ಸುಲಭ. ಮನೆಯವರಿಗೆ ಹೇಳಬೇಕಾದಾಗ ಕಷ್ಟ ತಿಳಿಯಿತು. ಅಣ್ಣ ತೀರಿಕೊಂಡ ಮೇಲೆ, ಹೋದ ವರ್ಷ ಅತ್ತಿಗೆ ಅವಳ ಮನೆಗೇ ಬಂದು ನಿಂತಿದ್ದಳು. ಬಂದ ಸ್ವಲ್ಪ ದಿನಕ್ಕೆ ಅತ್ತಿಗೆಯ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಮೂರು ಬೆಳಿಗ್ಗೆ ಡಯಾಲಿಸಿಸ್. ಒಂಬತ್ತಕ್ಕೆ ಹಾಸಿಗೆ ಹಿಡಿಯದಿದ್ದರೆ ಸರದಿ ಇನ್ನೊಬ್ಬರ ಪಾಲು. ಒಮ್ಮೆ ಹಾಗೆ ತಪ್ಪಿದಾಗ ಕಾಲು ದಿಂಬಿನಂತೆ ಊದಿ, ಉಸಿರು ಗಂಟಲಿಗೆ ಬಂದಿತ್ತು. ಹೀಗಾಗಿ ಐದು ತಿಂಗಳು ಕತ್ತರಿಯಮ್ಮನೇ ಜೊತೆಗೆ ಹೋದಳು. ಅತ್ತಿಗೆಗೆ ಅಕ್ಷರ ಬಾರದು. ಬಸ್ಸು ಹತ್ತಿದರೆ ಹೊಟ್ಟೆ ತೊಳಸುತ್ತದೆಂದು ಕಣ್ಣು ಮುಚ್ಚಿ ನಾದಿನಿಯ ಹೆಗಲಿಗೆ ಒರಗಿಬಿಡುವಳು. ಅಷ್ಟರಲ್ಲಿ ಶಾಲೆಯ ಸಮವಸ್ತ್ರದ ಕೆಲಸ ಬಂತು. ಇನ್ನೂರು ಜೊತೆ, ತಿಂಗಳೊಳಗೆ ಕೊಡಬೇಕು.

"ನಾನೊಬ್ಳೇ ಹೋಗ್ತೀನಿ ಬಿಡು," ಎಂದಳು ಅತ್ತಿಗೆ.

"ಕಣ್ಣು ಮುಚ್ಕೊಂಡಾ?"

"ತೆಕ್ಕೊಂಡೇ ಹೋಗ್ತೀನಿ ಕಣೇ. ತೆಗೆದು ಏನು ನೋಡ್ಬೇಕು ಅಂತ ಹೇಳು. ನಂಬರು ಗಿಂಬರು ನಂಗೆ ಹತ್ತಲ್ಲ."

ಆ ಮಾತು ಕತ್ತರಿಯಮ್ಮನ ತಲೆಯಲ್ಲಿ ಕೂತುಬಿಟ್ಟಿತು. ಮರುದಿನದಿಂದ ಕಿಟಕಿಗೆ ಬಂದವರನ್ನೆಲ್ಲ ಅವಳೇ ಕೇಳತೊಡಗಿದಳು: ಆಸ್ಪತ್ರೆ ಬಸ್ಸಿನಲ್ಲಿ ಹೋಗುವಾಗ ನಿಮಗೆ ನೆನಪಿರುವ ಜಾಗ ಯಾವುದು? ಕೇಳಿದ್ದೇ ತಡ, ಒಬ್ಬೊಬ್ಬರೂ ಒಂದೊಂದು ಕಥೆ ಬಿಚ್ಚಿದರು. ಬೇಕರಿ ತಿರುವಿನ ವಾಸನೆಗೇ ತನಗೆ ಎಚ್ಚರವಾಗುತ್ತದೆ ಎಂದಳು ನರ್ಸಮ್ಮ. ಸೇತುವೆಯ ಮೇಲೆ ಮೊದಲ ಸಂಬಳದ ಟೋಪಿ ಹಾರಿಹೋಯಿತೆಂದು ಗುಮಾಸ್ತ ಇವತ್ತಿಗೂ ಮರುಗಿದ. ಕೊನೆಯ ಗುರುತು ಮಾತ್ರ ಎಲ್ಲರದೂ ಒಂದೇ, ಕಾರ್ಖಾನೆಯ ಚಿಮಣಿ: "ಚಿಮಣಿ ಬಂತು ಅಂದ್ರೆ ಎದ್ದು ನಿಲ್ಲಿ, ಮುಂದಿನದೇ ಆಸ್ಪತ್ರೆ."

ಅವಳು ಎರಡು ಮಾರು ಉದ್ದದ ಬಿಳಿ ಬಟ್ಟೆ ಹಾಸಿದಳು. ಮೊದಲಿಗೆ ಬಸ್ಸಿನ ಹಣೆಯ ಮೇಲಿನ ಎರಡು ಅಂಕಿಗಳನ್ನು ಕೆಂಪು ದಾರದಲ್ಲಿ, ಅದೇ ಆಕಾರದಲ್ಲಿ ಹೊಲಿದಳು. ಓದಲಾಗದವರೂ ಹೋಲಿಸಿ ನೋಡಬಹುದಲ್ಲ. ಆಮೇಲೆ ಕಂದು ಅಂಗಿಯ ತುಂಡಿನಲ್ಲಿ ಬೇಕರಿಯ ರೊಟ್ಟಿ, ಬೂದು ಪ್ಯಾಂಟಿನ ತುಂಡಿನಲ್ಲಿ ಸೇತುವೆ, ಸೇತುವೆಯ ಮೇಲೆ ಹಾರುವ ಟೋಪಿ. ಕಡೆಗೆ ಇಟ್ಟಿಗೆ ಬಣ್ಣದ ಚಿಮಣಿ, ಅದರ ನೆತ್ತಿಯಲ್ಲಿ ಕರಿ ಉಣ್ಣೆಯ ಹೊಗೆ. ದೊಡ್ಡದನ್ನು ನಿಲ್ದಾಣದಲ್ಲಿ ತೂಗುಹಾಕಿ, ಅಂಥದೇ ಚಿಕ್ಕದೊಂದನ್ನು ಅತ್ತಿಗೆಯ ಚೀಲಕ್ಕಿಟ್ಟಳು.

ಮೊದಲ ದಿನ ಎಂಟರ ಬಸ್ಸಿಗೆ ಅತ್ತಿಗೆ ಒಬ್ಬಳೇ ಹತ್ತಿದಳು. ಹತ್ತು ನಿಮಿಷವೂ ಆಗಿರಲಿಲ್ಲ, ಆ ದಾರಿಯಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಡ್ರೈವರಣ್ಣ ಬಟ್ಟೆಯ ಮುಂದೆ ಬಂದು ನಿಂತ.

"ಚಿಮಣಿ ಲಕ್ಷಣವಾಗಿ ಬಂದಿದೆ ತಂಗಿ. ಕೆಡವಿ ಹನ್ನೊಂದು ವರ್ಷ ಆದ್ರೂ ಇನ್ನೂ ಹೊಗೆ ಬಿಡ್ತಾ ಇದೆ ನೋಡು."

ಕತ್ತರಿಯಮ್ಮನ ಕಾಲು ಮಿಷಿನ್ ಮೇಲೇ ನಿಂತಿತು. "ಏನಂದ್ರಿ?"

"ಕಾರ್ಖಾನೆ ಮುಚ್ಚಿದ್ರಲ್ಲ, ಆಗ್ಲೇ ಅದನ್ನೂ ಕೆಡವಿದ್ರು. ನೀನೇ ವಾರಕ್ಕೆ ಮೂರು ದಿನ ಹೋಗ್ತೀಯಲ್ಲ, ಕಾಣ್ಲಿಲ್ವಾ?"

ಕಂಡಿರಲಿಲ್ಲ. ಐದು ತಿಂಗಳು "ಚಿಮಣಿ ಬಂತು, ಏಳಿ ಅತ್ತಿಗೆ" ಎಂದು ಎಬ್ಬಿಸಿದವಳು ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ. ಬೀದಿಗೆ ಬೀದಿಯೇ ಹಾಗೆ ಹೇಳುತ್ತಿತ್ತು, ಅವಳೂ ಹೇಳುತ್ತಿದ್ದಳು. ಹೊಸಬಳಾದ ಅತ್ತಿಗೆ ಈಗ ಇಲ್ಲದ ಚಿಮಣಿಗಾಗಿ ಕಣ್ಣರಳಿಸಿಕೊಂಡು ಕೂತು, ಆಸ್ಪತ್ರೆ ದಾಟಿ ಕೊನೆಯ ನಿಲ್ದಾಣಕ್ಕೇ ಹೋಗಿಬಿಟ್ಟರೆ? ಅತ್ತಿಗೆಗೆ ಫೋನು ಮಾಡಿದರೆ ಅದು ಅಂಗಡಿಯ ಹಿಂದಿನ ಮನೆಯ ಗೂಡಿನಲ್ಲೇ ಹೊಡೆದುಕೊಂಡಿತು. ಮುಂದಿನ ಬಸ್ಸು ಒಂಬತ್ತಕ್ಕೆ. ಆಸ್ಪತ್ರೆಗೆ ಫೋನಾಯಿಸಿದಳು. ಇನ್ನೂ ಬಂದಿಲ್ಲ, ಬಂದರೆ ತಿಳಿಸುತ್ತೇವೆ ಎಂದರು. ಡ್ರೈವರಣ್ಣ ಬೆಂಚಿನ ಮೇಲೆ ಕೂತು, ಬಾಯಿ ಬಿಟ್ಟು ತಪ್ಪು ಮಾಡಿದೆನೇನೋ ಎಂಬಂತೆ ಚಪ್ಪಲಿ ನೋಡತೊಡಗಿದ.

ಒಂಬತ್ತಕ್ಕೆ ಐದು ನಿಮಿಷವಿದ್ದಾಗ ಫೋನು ಬಂತು. "ನಿಮ್ಮ ಅತ್ತಿಗೆ ಬಂದ್ರು ಕಣ್ರೀ, ಹಾಸಿಗೆ ಮೇಲಿದ್ದಾರೆ. ಯಾಕೋ ಒಂದೇ ಸಮ ನಗ್ತಾ ಇದ್ದಾರೆ."

ಕತ್ತರಿಯಮ್ಮ ಸಮವಸ್ತ್ರದ ರಾಶಿಯ ಮೇಲೇ ಧೊಪ್ಪನೆ ಕೂತಳು.

ನಗುವಿನ ಕಾರಣ ಮಧ್ಯಾಹ್ನ ಮನೆಗೆ ಬಂದ ಅತ್ತಿಗೆಯೇ ಹೇಳಿದಳು. "ಸೇತುವೆ ದಾಟಿದ್ಮೇಲೆ, ಚಿಮಣಿ ಎಲ್ಲಿ ಅಂತ ಪಕ್ಕದವಳನ್ನ ಕೇಳ್ದೆ. ಅಗೋ ಅಂತ ಆಕಾಶ ತೋರಿಸಿದ್ಳು. ಹಿಂದಿನ ಸೀಟಿನವನೂ ಅಲ್ಲೇ ತೋರಿಸ್ದ. ಕಂಡಕ್ಟರೂ ಅಲ್ಲೇ. ಅರ್ಧ ಬಸ್ಸು ಬರೀ ಗಾಳಿಗೆ ಬೆರಳು ಮಾಡ್ತಿದೆ ಕಣೇ. ಅಯ್ಯೋ, ಕಿಡ್ನಿ ಜೊತೆ ಕಣ್ಣೂ ಹೋಯ್ತಾ ಅಂದ್ಕೊಂಡೆ. ಅಲ್ಲೊಂದು ಪುಟ್ಟ ಹುಡುಗಿ, ಅಜ್ಜೀ, ನಂಗೂ ಕಾಣ್ತಿಲ್ಲ ಅಂತು. ಆಗ ಜೀವ ಬಂತು."

"ನಿಮಗೇನು ಕಾಣಿಸ್ತು ಅಲ್ಲಿ?"

"ಕೆಂಪು ಸೂರಿನ ಪೆಟ್ರೋಲ್ ಬಂಕು. ಇಷ್ಟು ದೊಡ್ಡದು. ಕುರುಡರಿಗೂ ಕಾಣುತ್ತೆ, ನಿಮ್ಮೂರವರಿಗೆ ಬಿಟ್ಟು."

ಕತ್ತರಿಯಮ್ಮ ಚಿಮಣಿಯ ಹೊಲಿಗೆ ಬಿಚ್ಚಿದಳು. ಭಾನುವಾರ ತಾನೇ ಬಸ್ಸು ಹತ್ತಿ, ಯಾರ ಮಾತನ್ನೂ ನಂಬದೆ, ಒಂದೊಂದು ಗುರುತನ್ನೂ ಕಣ್ಣಾರೆ ನೋಡಿಕೊಂಡು ಬಂದು, ಚಿಮಣಿಯ ಜಾಗದಲ್ಲಿ ಕೆಂಪು ಸೂರಿನ ಬಂಕು ಹೊಲಿದಳು. ಚಿಮಣಿ ತೆಗೆದದ್ದಕ್ಕೆ ಗುಮಾಸ್ತ ಮುಖ ಊದಿಸಿದ. "ನಿಮ್ಮ ಬಾಯಲ್ಲಿ ಇರ್ಲಿ ಬಿಡಿ, ಅಲ್ಲಿಂದ ಯಾರೂ ಕೆಡವಲ್ಲ," ಎಂದಳು.

ಸೋಮವಾರ ಎಂಟಕ್ಕೆ ಅತ್ತಿಗೆ ಬಸ್ಸು ಹತ್ತಿ ಕಿಟಕಿಯಿಂದ ಕೈಬೀಸಿದಳು. ಕತ್ತರಿಯಮ್ಮ ಕಾಲರು ಹೊಲಿಯಲು ಕೂತಳು. ಒಂದು ಕಾಲರು, ಇನ್ನೊಂದು, ಮತ್ತೊಂದು. ತಲೆ ಎತ್ತಿ ಗಡಿಯಾರ ನೋಡಿದಾಗ ಒಂಬತ್ತೂಕಾಲು ದಾಟಿತ್ತು. ಆಸ್ಪತ್ರೆಗೆ ಫೋನು ಮಾಡಬೇಕೆಂದು ಅವಳಿಗೆ ತೋಚಿಯೇ ಇರಲಿಲ್ಲ.