ಅತಿಥಿಗೆ ಕಾಫಿ

ಕಳೆದ ವರ್ಷದ ಜೂನ್. ನಾನಾಗ ಭದ್ರಾವತಿಯ ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಕಾಯಂ ಅಲ್ಲದವನು. ವಿದ್ಯಾರ್ಥಿಗಳಿದ್ದರೆ ವರ್ಕ್‌ಲೋಡ್, ಅಂದರೆ ವಾರಕ್ಕಿಷ್ಟು ಕ್ಲಾಸು. ವರ್ಕ್‌ಲೋಡ್ ಇದ್ದರೆ ನಾನು. ಸ್ಟಾಫ್‌ರೂಮಿನಲ್ಲಿ ನನ್ನ ನಿಜವಾದ ವಿಷಯ ಮಿಮಿಕ್ರಿ. ಪ್ರಿನ್ಸಿಪಾಲರ ದನಿಯಲ್ಲಿ ನಾನು ಕೆಮ್ಮಿದರೂ ಅಟೆಂಡರ್ ಎದ್ದು ನಿಲ್ಲುತ್ತಿದ್ದ.

ಆ ವರ್ಷ ಪ್ರವೇಶ ಕುಸಿದಿತ್ತು. ಪಿಯುಸಿ ಮುಗಿಸಿದ ಮಕ್ಕಳನ್ನು ಶಿವಮೊಗ್ಗದ ಖಾಸಗಿ ಕಾಲೇಜೊಂದರ ಹಳದಿ ಬಸ್ಸು ಬೀದಿ ಬೀದಿಯಿಂದ ಹೆಕ್ಕಿಕೊಂಡು ಹೋಗುತ್ತಿತ್ತು. ನಮ್ಮ ವಿಭಾಗ ಉಳಿಯಲು ಇನ್ನೊಬ್ಬರು ಬೇಕಿತ್ತು. ಒಬ್ಬರೇ.

"ಮನೆಗೇ ಹೋಗಿ ಕರ್ಕೊಂಡು ಬನ್ನಿ. ನಿಮಗೆ ಮಾತು ಬರುತ್ತಲ್ಲ" ಎಂದರು ಪ್ರಿನ್ಸಿಪಾಲರು.

ಓಲ್ಡ್ ಟೌನಿನ ಚೈತ್ರಾಳ ಮನೆಗೆ ಹೋದೆ. ಅರ್ಥಶಾಸ್ತ್ರದಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗಿ. ತಾಯಿ ಗಿರಿಜಮ್ಮ ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ "ಬಣ್ಣ ಹೋಗಲ್ಲ" ಅಂತ ದಿನವಿಡೀ ಹೇಳುವವರು. ಕೂತವನೇ ಖಾಸಗಿ ಕಾಲೇಜಿನ ಅಡ್ಮಿಷನ್ ಕೌನ್ಸೆಲರ್‌ನ ಅಣಕ ಶುರುಮಾಡಿದೆ: "ಮೇಡಂ, ಬಸ್ಸು ನಿಮ್ಮನೆ ಬಾಗ್ಲಿಗೇ! ಏಸಿ ಕ್ಲಾಸ್‌ರೂಮು! ಕೋರ್ಸ್ ಮುಗಿಯೋದ್ರೊಳಗೆ ಕೆಲಸ ಕೈಯಲ್ಲಿ!"

ಗಿರಿಜಮ್ಮ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ಕೇಳಿದರು: "ಬಾಗ್ಲಿಗೇ ಬರುತ್ತಾ ಸರ್?"

ಚೈತ್ರಾ ನಕ್ಕಿರಲಿಲ್ಲ. "ನಂಗೆ ನಿಮ್ ಕಾಲೇಜೇ ಇಷ್ಟ. ಫೈನಲ್ ಇಯರ್ ತನಕ ನೀವಿರ್ತೀರಾ ಸರ್?"

"ನೀನು ಸೇರಿದ್ರೆ ಇರ್ತೀನಿ."

"ನೀವಿರ್ತೀರಿ ಅಂದ್ರೆ ಸೇರ್ತೀನಿ."

ಊರಿನವರೆಲ್ಲರ ದನಿ ನನ್ನ ಗಂಟಲಲ್ಲಿತ್ತು. ಸರ್ಕಾರದ ದನಿಯಲ್ಲಿ "ಇರ್ತಾರೆ" ಅನ್ನಲು ಮಾತ್ರ ಬರಲಿಲ್ಲ.

"ಹಾಗಾದ್ರೆ ನೀವು ಪರ್ಮನೆಂಟ್ ಅಲ್ವಾ?" ಗಿರಿಜಮ್ಮ ಕೇಳಿದರು.

"ಅತಿಥಿ ಉಪನ್ಯಾಸಕ."

"ಅತಿಥಿನಾ? ಅಯ್ಯೋ ಮಾರಾಯ್ರೆ, ಮೊದ್ಲೇ ಹೇಳ್ಬಾರ್ದಾ! ಕಾಫಿ ಕುಡ್ಕೊಂಡು ಹೋಗಿ."

ಕಾಫಿ ಚೆನ್ನಾಗಿತ್ತು.

ಮರುವಾರ ಚೈತ್ರಾ ಹಳದಿ ಬಸ್ಸು ಹತ್ತಿದಳು. ನಮ್ಮಲ್ಲಿ ಅರ್ಥಶಾಸ್ತ್ರ ಮುಚ್ಚಿತು. ಸೇರಿದ್ದ ಮಕ್ಕಳಿಗೆ ಬೇರೆ ವಿಷಯ ತಗೊಳ್ಳಿ ಎಂದರು. ನನಗೆ ಅಷ್ಟೂ ಹೇಳಲಿಲ್ಲ. ಕೊನೆಯ ದಿನ ಪ್ರಿನ್ಸಿಪಾಲರು, "ಹೋಗೋ ಮುಂಚೆ ನನ್ ದನಿ ಒಂದ್ಸಲ ಮಾಡಿ" ಎಂದು ಪ್ರೀತಿಯಿಂದಲೇ ಕೇಳಿದರು. ಕೆಮ್ಮಿ, ಅವರದೇ ದನಿಯಲ್ಲಿ ಹೇಳಿದೆ: "ನಾಳೆಯಿಂದ ನೀವು ಬರೋದು ಬೇಡ." ಸ್ಟಾಫ್‌ರೂಮು ಬಿದ್ದು ಬಿದ್ದು ನಕ್ಕಿತು. ಅಟೆಂಡರ್ ಎದ್ದು ನಿಂತ.

ಈಗ ನಾನು ಶಿವಮೊಗ್ಗದಲ್ಲಿ, ಆ ಹಳದಿ ಬಸ್ಸಿನ ಕಾಲೇಜಿನಲ್ಲೇ ಅಡ್ಮಿಷನ್ ಕೌನ್ಸೆಲರ್. ಬಸ್ಸು ಬಾಗಿಲಿಗೇ, ಏಸಿ, ಕೆಲಸ ಕೈಯಲ್ಲಿ: ದಿನವಿಡೀ ಅದೇ ಮಾತು, ಅದೇ ದನಿ. ಚೈತ್ರಾ ಎದುರಾದರೆ ನಮಸ್ಕಾರ ಹೇಳಿ ಬೇಗ ದಾಟಿಹೋಗುತ್ತಾಳೆ. ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಕೇಳಿದವರು ನಕ್ಕರೆ ಮಿಮಿಕ್ರಿ, ನಂಬಿದರೆ ನೌಕರಿ.