ಟೋಲ್ ದಾಟಿದ ಸಂದೇಶ

ಅದು 2019ರ ಡಿಸೆಂಬರ್. ಇನ್ನು ಮುಂದೆ ಎಲ್ಲ ಗಾಡಿಗಳಿಗೂ ಫಾಸ್ಟ್ಯಾಗ್ ಬೇಕೇ ಬೇಕು ಎಂದು ಜನ ಓಡಾಡುತ್ತಿದ್ದ ದಿನಗಳು. ನನ್ನ ಟ್ಯಾಕ್ಸಿಗೆ ಆ ಚಿಂತೆ ಇರಲಿಲ್ಲ. ಹಿಂದಿನ ವರ್ಷವೇ ನನ್ನ ಹೆಂಡತಿ ಜಯಮ್ಮ ಅದನ್ನು ಮಾಡಿಸಿದ್ದಳು. ಆಗ ನಾನು ಬಾಡಿಗೆಗೆ ಹೊರಗೆ ಹೋಗಿದ್ದರಿಂದ ತನ್ನದೇ ಫೋನ್ ನಂಬರ್ ಕೊಟ್ಟಿದ್ದಳು. ಅದಕ್ಕೆ ದುಡ್ಡು ಹಾಕುತ್ತಿದ್ದವಳೂ ಅವಳೇ. ನಂಬರ್ ಬದಲಾಯಿಸೋಣ ಎಂದರೆ, "ಇರ್ಲಿ ಬಿಡ್ರೀ, ನೀವೆಲ್ಲಿದ್ದೀರಾ ಅಂತ ನಂಗೂ ಗೊತ್ತಾಗುತ್ತೆ" ಎಂದಿದ್ದಳು.

ನಮ್ಮ ಮನೆ ಯಲಹಂಕದ ಹಳೇ ಟೌನಿನಲ್ಲಿ. ವಿಮಾನ ನಿಲ್ದಾಣಕ್ಕೆ ಜನರನ್ನು ಬಿಟ್ಟು ಮಧ್ಯಾಹ್ನ ಊಟಕ್ಕೆ ಬರುವಾಗ ನಾನು ಟೋಲ್ ದಾಟಿದೊಡನೆ ಅವಳ ಫೋನಿಗೆ ಸಂದೇಶ ಹೋಗುತ್ತಿತ್ತು. ಅದನ್ನು ನೋಡಿ ಅವಳು ಮುದ್ದೆಗೆ ಎಸರಿಡುತ್ತಿದ್ದಳು. ನಾನು ಕೈಕಾಲು ತೊಳೆದು ಕೂರುವಷ್ಟರಲ್ಲಿ ತಟ್ಟೆಯಲ್ಲಿ ಬಿಸಿ ಮುದ್ದೆ. ಟೋಲ್ ತಪ್ಪಿಸಿ ಬಾಗಲೂರಿನ ಕಡೆಯಿಂದ ಬಂದ ದಿನ ಮಾತ್ರ ಬೈಗುಳ. "ಮೆಸೇಜೇ ಬರ್ಲಿಲ್ಲ, ನಂಗೇನ್ ಕನಸು ಬೀಳುತ್ತಾ? ಕೂತಿರಿ ಹಂಗೇ ಹಸ್ಕೊಂಡು."

ಆ ವರ್ಷದ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಮನೆಗೆ ಬಂದಾಗ ಬಾಗಿಲಲ್ಲೇ ಸೀದ ವಾಸನೆ ಬಂತು. ಒಲೆಯ ಮೇಲಿನ ಪಾತ್ರೆಯಲ್ಲಿ ನೀರು ಬತ್ತಿ ತಳ ಕಪ್ಪಾಗಿತ್ತು. ಜಯಮ್ಮ ಪಕ್ಕದಲ್ಲೇ ನೆಲದ ಮೇಲೆ ಬಿದ್ದಿದ್ದಳು. ಹೃದಯ ನಿಂತು ಆಗಲೇ ಸ್ವಲ್ಪ ಹೊತ್ತಾಗಿದೆ ಎಂದರು ಆಸ್ಪತ್ರೆಯಲ್ಲಿ.

ಕಾರ್ಯಗಳೆಲ್ಲ ಮುಗಿದ ಮೇಲೆ ಮಗಳು ಅಮ್ಮನ ಫೋನನ್ನು ಆಫ್ ಮಾಡಿ, ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟು, ಶೆಟ್ಟಿಹಳ್ಳಿಯ ಗಂಡನ ಮನೆಗೆ ಹೋದಳು. ನಾನು ಅದನ್ನು ಮುಟ್ಟಲಿಲ್ಲ. ಮತ್ತೆ ಗಾಡಿ ಓಡಿಸತೊಡಗಿದೆ. ಅವಳು ತುಂಬಿಟ್ಟಿದ್ದ ದುಡ್ಡಿನಲ್ಲೇ ಟೋಲಿನಲ್ಲಿ ಅಡ್ಡಕಂಬ ಮೇಲೇಳುತ್ತಿತ್ತು, ನಾನು ದಾಟುತ್ತಿದ್ದೆ.

ಡಿಸೆಂಬರಿನಲ್ಲಿ ಒಂದು ದಿನ ಕಂಬ ಏಳಲಿಲ್ಲ. ಗಾಡಿಯನ್ನು ಒಂದಿಷ್ಟು ಹಿಂದೆ ತೆಗೆದುಕೊಂಡು ಮತ್ತೆ ಮುಂದೆ ತಂದೆ. ಏಳಲಿಲ್ಲ. ಇಳಿದು ಗಾಜಿನ ಮೇಲಿದ್ದ ಟ್ಯಾಗನ್ನು ಒರೆಸಿದೆ. ಟೋಲಿನವನು ಕೈಯಲ್ಲಿ ಹಿಡಿಯುವ ಮಿಷನ್ ತಂದು ತೋರಿಸಿದ. "ಬ್ಲ್ಯಾಕ್‌ಲಿಸ್ಟ್ ಅಂತ ಬರ್ತಿದೆ ಸರ್" ಎಂದ. ಹಿಂದಿನ ಕಾರಿನಿಂದ ಒಬ್ಬ ತಲೆ ಹೊರಗೆ ಹಾಕಿ, "ಏನ್ ಗುರು, ಅಲ್ಲೇ ಸಂಸಾರ ಹೂಡ್ತೀಯಾ?" ಎಂದು ಕೂಗಿದ. ನಗದು ಕೊಟ್ಟು ದಾಟಿ, ಪಕ್ಕದಲ್ಲಿ ಟ್ಯಾಗ್ ಮಾರಲು ಹಾಕಿದ್ದ ಶಾಮಿಯಾನಕ್ಕೆ ಹೋದೆ.

ಅಲ್ಲಿದ್ದ ಹುಡುಗಿ ಗಾಡಿ ನಂಬರ್ ಒತ್ತಿ ನೋಡಿದಳು. "ಬ್ಯಾಲೆನ್ಸ್ ಖಾಲಿಯಾಗಿದೆ ಅಷ್ಟೇ ಅಂಕಲ್. ಹಾಕ್ಬೋದು. ಈ ನಂಬರ್‌ಗೆ ಓಟಿಪಿ ಕಳ್ಸಿದ್ದೀನಿ, ಹೇಳಿ."

"ಆ ಫೋನು ನನ್ನ ಹತ್ರ ಇಲ್ಲಮ್ಮ. ನಮ್ಮನೆಯವರದ್ದು."

"ಅವ್ರಿಗೆ ಫೋನ್ ಮಾಡಿ ಕೇಳಿ."

ನಾನು ಗಾಜಿನ ಮೇಲಿನ ಟ್ಯಾಗಿನ ಕಡೆ ನೋಡಿದೆ. ಅವಳು ತಲೆಯೆತ್ತಿ, "ಫೋನ್ ಎತ್ತಲ್ವಾ?" ಎಂದಳು.

"ಅವರು ಹೋಗ್ಬಿಟ್ರಮ್ಮ."

ಅವಳು ಮೆಲ್ಲಗೆ, "ಹಾಗಾದ್ರೆ ಇದನ್ನ ಕಿತ್ತು ಹೊಸದು ಹಾಕ್ಸಿಬಿಡಿ ಅಂಕಲ್. ನಿಮ್ ನಂಬರ್‌ಗೇ ಮಾಡ್ಕೊಡ್ತೀನಿ, ಬೇಗ ಆಗುತ್ತೆ" ಎಂದಳು. ಗಾಜಿನಿಂದ ಕಿತ್ತ ಟ್ಯಾಗ್ ಮತ್ತೆ ಕೆಲಸಕ್ಕೆ ಬರುವುದಿಲ್ಲ ಎಂದೂ ಹೇಳಿದಳು. ಅವಳು ಹೇಳಿದ್ದೇ ಸರಿ. ಆದರೆ ನನ್ನ ಬಾಯಿಂದ, "ಬೇಡಮ್ಮ, ಅದೇ ಇರ್ಲಿ" ಎಂದು ಬಂತು.

ಮನೆಗೆ ಬಂದು ಬೀರು ತೆರೆದೆ. ಫೋನನ್ನು ಚಾರ್ಜಿಗೆ ಹಾಕಿ ನೋಡಿದರೆ ಸಿಮ್ ನಡೆಯುತ್ತಿರಲಿಲ್ಲ. ಬೀದಿಯ ತುದಿಯಲ್ಲಿ ಕರೆನ್ಸಿ ಹಾಕುವ ನಯಾಜನ ಅಂಗಡಿಗೆ ಹೋಗಿ ನಂಬರ್ ಹೇಳಿದೆ. ಅರ್ಧ ಒತ್ತಿದವನು ನಿಲ್ಲಿಸಿ, "ಅಕ್ಕಂದಲ್ವಾ ಅಣ್ಣ ಇದು?" ಎಂದ. ಹೌದೆಂದೆ. ಮತ್ತೇನೂ ಕೇಳದೆ ಹಾಕಿದ. "ಸದ್ಯ, ಇನ್ನೂ ಸ್ವಲ್ಪ ದಿನ ಬಿಟ್ಟಿದ್ರೆ ಈ ನಂಬರ್ ಬೇರೆ ಯಾರಿಗಾದ್ರೂ ಹೋಗೋದು" ಎಂದ.

ಅವನ ಅಂಗಡಿಯ ಕಟ್ಟೆಯ ಮೇಲೆ ಕೂತು ಸಂದೇಶಗಳನ್ನು ತೆರೆದೆ. ಟೋಲಿನದು ಕೊನೆಯದಾಗಿ ಬಂದದ್ದು ಸೆಪ್ಟೆಂಬರಿನ ಅದೇ ಮಧ್ಯಾಹ್ನ. ಅವಳು ಅದನ್ನು ಓದಿದ್ದಳು. ಆಮೇಲೆ ನಾನು ಅಷ್ಟು ಸಲ ದಾಟಿದ್ದೆನಲ್ಲ, ಅವು ಯಾವುವೂ ಇರಲಿಲ್ಲ. "ಫೋನ್ ಆಫ್ ಇದ್ರೆ ಸ್ವಲ್ಪ ದಿನ ಕಾದು ಹೊರಟೋಗ್ತವೆ ಅಣ್ಣ" ಎಂದ ನಯಾಜ್. ನನ್ನನ್ನು ನೋಡಿ ಒಂದು ಲೋಟ ಟೀ ತರಿಸಿ ಪಕ್ಕದಲ್ಲಿಟ್ಟ. ಆಮೇಲೆ ತನ್ನ ಫೋನಿನಲ್ಲಿ ಟ್ಯಾಗಿನ ಖಾತೆ ತೆರೆದು, ಅವಳ ಫೋನಿಗೆ ಬಂದ ಓಟಿಪಿಯನ್ನು ಅವನೇ ಓದಿ ಹಾಕಿ, ಟ್ಯಾಗಿಗೆ ದುಡ್ಡು ತುಂಬಿದ.

"ನಂಬರ್ ನಿಮ್ದಕ್ಕೆ ಚೇಂಜ್ ಮಾಡ್ಸೋಣ್ವಾ?" ಎಂದು ಕೇಳಿದ.

"ಬೇಡ ಕಣಪ್ಪ."

ಮಾರನೆಯ ದಿನ ಟೋಲಿನಲ್ಲಿ ಕಂಬ ಮೇಲೆದ್ದಿತು. ಮನೆಗೆ ಬಂದರೆ ಒಲೆಯ ಪಕ್ಕದ ಗೂಡಿನಲ್ಲಿ, ಅವಳು ಇಡುತ್ತಿದ್ದ ಜಾಗದಲ್ಲೇ, ನಾನು ಇಟ್ಟುಹೋಗಿದ್ದ ಫೋನಿನ ಸಣ್ಣ ದೀಪ ಮಿನುಗುತ್ತಿತ್ತು. ನಾನು ದಾಟಿದ ಸುದ್ದಿ ಬಂದಿತ್ತು. ಓದುವವರಿರಲಿಲ್ಲ.

ಈಗಲೂ ಆ ನಂಬರಿಗೆ ಕರೆನ್ಸಿ ಹಾಕಿಸುತ್ತೇನೆ. ಮಧ್ಯಾಹ್ನ ಮನೆಗೆ ಬಂದು, ಅವಳ ಫೋನಿಗೆ ಬಂದ ಸಂದೇಶವನ್ನು ನಾನೇ ತೆರೆದು ಓದಿ, ಎಸರಿಡುತ್ತೇನೆ. ಮುದ್ದೆ ಇನ್ನೂ ಗಂಟುಗಂಟಾಗುತ್ತದೆ. ನೀರು ಕುದಿಯುವವರೆಗೂ ಒಲೆಯ ಮುಂದಿನಿಂದ ಕದಲುವುದಿಲ್ಲ.